ಹುಡುಗನ ಬಗ್ಗೆ ಕೇಳಲು ಬಂದವರು

ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂತೆಂದರೆ ಮನೆಗೆ ಯಾರೋ ವಿಚಾರಿಸಲು ಬಂದಿದ್ದಾರೆ ಎಂದೇ ಅರ್ಥ. ಬೀದರಿನಲ್ಲಿ ಕಸ್ತೂರಿಬಾಯಿ ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ ಅದು ಮಕ್ಕಳಿಗೆಲ್ಲ ಗೊತ್ತಿದ್ದ ಸಂಗತಿ. ಹಬ್ಬಕ್ಕೆ ಹೋಳಿಗೆ, ಅಮಾವಾಸ್ಯೆಗೆ ಕಡುಬು. ಶಿರಾ ಮಾತ್ರ ಗಂಡನ್ನೋ ಹೆಣ್ಣನ್ನೋ ಗೊತ್ತು ಮಾಡಲು ಬಂದವರಿಗೆ. ರವೆ ಹೊಂಬಣ್ಣಕ್ಕೆ ತಿರುಗಿ, ಅದರ ಮೇಲೆ ಬಿಸಿನೀರು ಸುರಿದಾಗ ಚೊಂಯ್ ಎಂದು ಎದ್ದ ಹಬೆ ಪಡಸಾಲೆಗೆ ಬರುವಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಮುತ್ಯಾನ ಕೆಮ್ಮಿನ ಮಾತು ಎತ್ತಕೂಡದು. ಕಾಕಾ ಮ್ಯಾಟ್ರಿಕ್ ಪಾಸಾಗಿಲ್ಲ ಅನ್ನಕೂಡದು. "ಗಲ್ಲಾ ಹಿಡಿದು ಕೇಳಿದ್ರೂ ಗೊತ್ತಿಲ್ರಿ ಅನ್ಬೇಕು. ತಿಳೀತಾ?" ಮಕ್ಕಳ ಲಕ್ಷ್ಯವೆಲ್ಲ ಪಾಠಕ್ಕಿಂತ ಆ ವಾಸನೆಯ ಕಡೆಗೇ ಇರುತ್ತಿತ್ತು. ಬಾಯಿ ಮುಚ್ಚಿಕೊಂಡು ಕುಳಿತವರಿಗೆ ಕೊನೆಗೆ ಬಾಣಲೆಯ ತಳದ ಶಿರಾ ಸಿಗುತ್ತಿತ್ತು.

ಪಕ್ಕದ ಮನೆಗೆ ಬೀಗರು ವಿಚಾರಿಸಲು ಬಂದರೂ ರೀತಿ ಅದೇ. ಬಂದವರು ಓಣಿಯ ತುದಿಯಲ್ಲಿ ನಿಂತು ಕೇಳುತ್ತಿದ್ದರು. ಓಣಿಯವರು ಹುಡುಗ ಬಂಗಾರ, ಹುಡುಗಿ ಮಲ್ಲಿಗೆ ಎನ್ನುತ್ತಿದ್ದರು. ಅದನ್ನು ಯಾರೂ ಸುಳ್ಳು ಎಂದು ಕರೆಯುತ್ತಿರಲಿಲ್ಲ. ಒಬ್ಬರ ಮನೆಯನ್ನು ಇನ್ನೊಬ್ಬರು ಮುಚ್ಚುವುದು ಎನ್ನುತ್ತಿದ್ದರು. ಚಳಿಗಾಲದಲ್ಲಿ ಮಲಗಿದವರ ಮೇಲೆ ಕೌದಿ ಎಳೆಯುವ ಹಾಗೆ ಅದೂ ಒಂದು ಉಪಕಾರ ಎಂದು ಕಸ್ತೂರಿಬಾಯಿ ಕಲಿತಿದ್ದಳು.

ಮದುವೆಯಾಗಿ ಅವಳು ಬಂದದ್ದು ಔರಂಗಾಬಾದಿಗೆ. ಈಗ ಬಸ್ಸಿನ ಮೇಲೆ ಛತ್ರಪತಿ ಸಂಭಾಜಿನಗರ ಎಂದು ಬರೆದಿರುತ್ತದೆ. ಅವಳ ಬಾಯಲ್ಲಿ ಇನ್ನೂ ಹಳೆಯ ಹೆಸರೇ. ಗಂಡ ಚಿಕಲಠಾಣಾದ ಕಾರ್ಖಾನೆಯೊಂದರಲ್ಲಿ ಇದ್ದ; ಅವನು ತೀರಿಕೊಂಡು ಬಹಳ ವರ್ಷವಾಯಿತು. ಅವಳು ಗಾರಖೇಡಾದ ಬಾಲವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಮನೆಯಲ್ಲಿ ಬೀದರಿನ ಕನ್ನಡ, ಬಾಲವಾಡಿಯಲ್ಲಿ ಮರಾಠಿ. ಮಕ್ಕಳಾಗಲಿಲ್ಲ. ತಂಗಿ ತೀರಿಕೊಂಡಾಗ ಅವಳ ಗಂಡ ಶಿವರಾಯ ಮಗ ರವಿಕಾಂತನನ್ನು ಕರೆದುಕೊಂಡು ಬಂದು ಅದೇ ಗಲ್ಲಿಯಲ್ಲಿ ಬಾಡಿಗೆ ಖೋಲಿ ಹಿಡಿದ. ಹುಡುಗ ಮಲಗುವುದು ಅಪ್ಪನ ಹತ್ತಿರ, ಉಣ್ಣುವುದು ದೊಡ್ಡವ್ವನ ಹತ್ತಿರ. ಹೀಗೆ ಬೆಳೆದ. ಐಟಿಐ ಮುಗಿಸಿ, ನಾಸಿಕ್ ಹತ್ತಿರದ ಸಿನ್ನರಿನ ವರ್ಕ್‌ಶಾಪಿನಲ್ಲಿ ಉಕ್ಕು ಕೊರೆಯುವ ದೊಡ್ಡ ಯಂತ್ರದ ಮುಂದೆ ನಿಂತ. ಕೂದಲೆಳೆಯಷ್ಟೂ ತಪ್ಪದ ಕೈ ಎಂದು ಹೆಸರು ಮಾಡಿದ.

ಆಗಲೇ ಶಿವರಾಯನ ಮೂತ್ರಪಿಂಡಗಳು ಕೈಕೊಟ್ಟವು. ರವಿಕಾಂತ ಊರಿನ ಪತಸಂಸ್ಥೆಯೊಂದರಲ್ಲಿ, ಅಂದರೆ ಸಾಲ ಕೊಡುವ ಸಹಕಾರಿ ಸಂಘದಲ್ಲಿ, ಸಾಲ ತೆಗೆದ. ಕಸ್ತೂರಿಬಾಯಿ ಜಾಮೀನು ಹಾಕಿದಳು. ಆ ಸಾಲದ ಕಂತು ಕಟ್ಟಲು ಮೊಬೈಲಿನಲ್ಲಿ ಸಾಲ ಕೊಡುವವರ ಹತ್ತಿರ ಇನ್ನೊಂದು ಸಾಲ, ಅದನ್ನು ಕಟ್ಟಲು ಮತ್ತೊಂದು. ಶಿವರಾಯ ಉಳಿಯಲಿಲ್ಲ. ಸಾಲ ಉಳಿಯಿತು.

ವರ್ಷದ ಕಾರ್ಯ ಮುಗಿಯುತ್ತಲೇ ಭಾಲ್ಕಿಯಿಂದ ಹೆಣ್ಣಿನ ಕಡೆಯವರು ಬಂದರು. ಕಸ್ತೂರಿಬಾಯಿ ರವೆ ಹುರಿದಳು. ಹುಡುಗಿಯ ತಂದೆ ಮೆತ್ತಗಿನ ಮನುಷ್ಯ; ತಟ್ಟೆ ಕೆಳಗಿಟ್ಟು, "ಅಕ್ಕಾ, ಕೇಳ್ತೀನಂತ ತಪ್ಪು ತಿಳೀಬ್ಯಾಡ್ರಿ. ಹುಡುಗನ ಮ್ಯಾಲ ಸಾಲಗೀಲ ಏನರೆ?" ಎಂದರು. "ಅಯ್ಯ, ಇಲ್ರಿ ಅಣ್ಣಾ," ಎಂದಳು ಕಸ್ತೂರಿಬಾಯಿ. ಗಲ್ಲಿಯ ತುದಿಯ ಕಿರಾಣಿ ಅಂಗಡಿಯ ಮಾಳಪ್ಪನೂ ಅದನ್ನೇ ಹೇಳಿದ. ಮದುವೆ ನಡೆಯಿತು. ಮದುಮಗಳು ಅಶ್ವಿನಿ ನಾಸಿಕ್‌ನ ಬಾಡಿಗೆ ಮನೆಗೆ ಬಂದು ಇನ್ನೂ ಕೈಯ ಮೆಹಂದಿ ಮಾಸಿರಲಿಲ್ಲ, ವಸೂಲಿಯವರು ಬಾಗಿಲು ಬಡಿದರು.

ಅವಳು ಕೂಗಾಡಲಿಲ್ಲ, ತವರಿಗೂ ಹೋಗಲಿಲ್ಲ. ದೀಪಾವಳಿಗೆ ಬಂದಾಗ, ರೊಟ್ಟಿ ಬಡಿಯುತ್ತಿದ್ದ ಕಸ್ತೂರಿಬಾಯಿಯ ಪಕ್ಕ ಕುಳಿತು ಒಂದೇ ಮಾತು ಕೇಳಿದಳು: "ನಮ್ಮಪ್ಪ ನಿಮ್ಮನ್ನ ಕೇಳಿದ್ರಲ್ರಿ ಅತ್ತಿ?" ಕಸ್ತೂರಿಬಾಯಿಯ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಅಂದಿನಿಂದ ಅಶ್ವಿನಿ ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಮಾತು ಮಾತ್ರ ಅಳೆದು ಆಡಿದಳು.

ಹೀಗಿರುವಾಗ ರವಿಕಾಂತನಿಗೆ ದೊಡ್ಡ ಅವಕಾಶವೊಂದು ಬಂತು. ನಾಸಿಕ್ ಹೊರವಲಯದಲ್ಲಿ ಸೈನ್ಯಕ್ಕೆ ಬೇಕಾದ ಉಪಕರಣ ತಯಾರಿಸುವ ಕಾರ್ಖಾನೆಯಲ್ಲಿ ಕಾಯಂ ಕೆಲಸ. ಪರೀಕ್ಷೆ ಪಾಸಾದ, ಯಂತ್ರದ ಮೇಲೆ ಕೈ ತೋರಿಸಿ ಅಲ್ಲಿಯೂ ಪಾಸಾದ. ಉಳಿದದ್ದು ಒಂದೇ: ಒಳಗಿನ ವಿಭಾಗದಲ್ಲಿ ಗುಟ್ಟಿನ ನಕ್ಷೆಗಳಿರುತ್ತವೆಯಾದ್ದರಿಂದ ಅಲ್ಲಿಗೆ ಕಾಲಿಡುವವನ ನಡತೆ, ಮನೆತನ, ವ್ಯವಹಾರ ಎಲ್ಲ ಪೊಲೀಸರು ವಿಚಾರಿಸಿ ಸರಿ ಎನ್ನಬೇಕು. ಹುಡುಗರು ಅದಕ್ಕೆ ಕ್ಲಿಯರೆನ್ಸ್ ಎನ್ನುತ್ತಾರೆ. ಅದು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಂಜೆ ದೇವರಿಗೆ ದೀಪ ಹಚ್ಚುವಾಗ ಅವನ ಫೋನು ಬಂತು.

"ದೊಡ್ಡವ್ವ, ನಿನ್ನ ಕಡೆ ಪೊಲೀಸರು ಬರ್ತಾರ. ನನ್ನ ಕಾಯಂ ವಿಳಾಸ ಅಲ್ಲೀದೇ ಅದ ನೋಡು."

"ಬರ್ಲಿ ಬಿಡಪ. ಚಾ ಮಾಡಿ ಕೊಡ್ತೀನಿ."

"ಚಾ ಅಲ್ಲ ದೊಡ್ಡವ್ವ. ಅವ್ರು ಸಾಲದ್ದು ಕೇಳ್ತಾರ. ಫಾರ್ಮಿನಾಗ ಇಲ್ಲ ಅಂತ ಬರ್ದೀನಿ. ನೀನೂ ಹಂಗೇ ಹೇಳು, ಆತಾ?"

ಕಸ್ತೂರಿಬಾಯಿ ಬೆಂಕಿಕಡ್ಡಿ ಆರಿಸಿ ಕೆಳಗಿಟ್ಟಳು. ಅವಳ ಕಣ್ಣಿಗೆ ಬಂದದ್ದು ಪೊಲೀಸರಲ್ಲ, ಹಿಟ್ಟಿನ ಪರಾತದ ಪಕ್ಕ ಕುಳಿತ ಅಶ್ವಿನಿಯ ಮುಖ.

"ನನ್ನ ಕಡಿಂದ ಆಗಂಗಿಲ್ಲ ರವಿ."

"ಯಾಕ?"

"ಒಮ್ಮೆ ಹೇಳಿ ಆಗ್ಯಾದಪ. ಆ ಹುಡುಗಿ ಮಾರಿ ನೋಡಿ ಮಾತಾಡಲಿಕ್ಕ ಇವತ್ತಿಗೂ ನಂಗ ಆಗವಲ್ದು. ಇನ್ನೊಮ್ಮೆ ನನ್ನ ಬಾಯಿಂದ ಆ ಮಾತು ಬರಂಗಿಲ್ಲ. ನೀನೂ ಹಂಗ ಬರೀಬಾರ್ದಿತ್ತು."

"ಎಲ್ಲರೂ ಬರೀತಾರ ದೊಡ್ಡವ್ವ! ಸಾಲ ಅದ ಅಂದ್ರ ಒಳಗ ಬಿಡ್ತಾರೇನು?"

"ನಂಗೇನ್ ಗೊತ್ತಪ. ನಾ ಬಾಲವಾಡಿ ಟೀಚರ್ ಬಾಯಿ."

"ಹಂಗಾದ್ರ ನೌಕರಿ ಹೋಗ್ಲಿ. ನೀ ಸತ್ಯ ಹೇಳ್ಕೊಂಡು ಕೂಡು," ಎಂದು ಅವನು ಫೋನು ಇಟ್ಟುಬಿಟ್ಟ. ಹಾಗೆ ಅವನು ಎಂದೂ ಇಟ್ಟವನಲ್ಲ. ಮರುದಿನವೂ ಮಾಡಲಿಲ್ಲ, ಆ ವಾರವೂ ಮಾಡಲಿಲ್ಲ. ತಾನಾಗಿ ಮಾಡಲು ಕಸ್ತೂರಿಬಾಯಿಗೆ ಬಿಗುಮಾನ ಬಿಡಲಿಲ್ಲ.

ಸರಿಯಾದದ್ದನ್ನು ಹೇಳಿದವಳಿಗೆ ನಿದ್ದೆ ಬರಬೇಕಿತ್ತು. ಬರಲಿಲ್ಲ. ಹಾಲಿನವನಿಗೆ ಬಾಗಿಲು ತೆಗೆಯುವಾಗ, ಅಕ್ಕಿ ಆರಿಸುವಾಗ, ಮನಸ್ಸು ಅದನ್ನೇ ಅಗಿಯುತ್ತಿತ್ತು. ಸಾಲ ತೀರಬೇಕಾದರೆ ಒಳ್ಳೆಯ ನೌಕರಿ ಬೇಕು. ಒಳ್ಳೆಯ ನೌಕರಿ ಬೇಕಾದರೆ ಸಾಲ ಇರಬಾರದು. ಇದ್ಯಾವ ನ್ಯಾಯ? ಹುಡುಗ ಜೂಜಾಡಿದನೇ, ಕುಡಿದನೇ? ಅಪ್ಪನ ರಕ್ತ ತೊಳೆಸಲು ಕೈಯೊಡ್ಡಿದ. ಮಾಳಪ್ಪನ ಹೆಂಡತಿ ಸಕ್ರವ್ವ ತೊಗರಿಬೇಳೆ ತೂಗುತ್ತ ಒಂದು ದಿನ ಹೇಳಿದಳು: "ಅಲ್ಲಿ ಸೇರಿದ್ರ ಕ್ವಾರ್ಟರ್ಸ್ ಕೊಡ್ತಾರಂತ, ದವಾಖಾನಿ ಪುಕ್ಕಟಂತ. ಎರಡು ವರ್ಷದಾಗ ನಿಮ್ಮ ಸಾಲ ಮಂಜಿನಂಗ ಕರಗಿ ಹೋಗ್ತದ ನೋಡ್ರಿ ಬಾಯಿ." ಆ ಮಾತು ಕಸ್ತೂರಿಬಾಯಿಯ ಎದೆಯೊಳಗೆ ನಾಟಿತು. ತನ್ನ ಬಾಯಿ ಸ್ವಚ್ಛ ಇಟ್ಟುಕೊಳ್ಳುವುದಕ್ಕಾಗಿ ತಂಗಿಯ ಮಗನ ಅನ್ನ ಕಸಿಯುವುದೇ? ಪಾಪ ಬಂದರೆ ತನಗೆ ಬರಲಿ, ನೌಕರಿ ಅವನಿಗೆ ಬರಲಿ.

ಈ ನಿರ್ಧಾರವನ್ನು ಅವನಿಗೆ ತಿಳಿಸಲಿಲ್ಲ. ತಿಳಿಸಿದರೆ ಉಪಕಾರ ಮಾಡಿ ತೋರಿಸಿದಂತೆ. ಕೆಲಸ ಸಿಕ್ಕ ಮೇಲೆ ತಾನೇ ತಿಳಿಯುತ್ತದೆ, ಪೇಢೆ ಹಿಡಿದುಕೊಂಡು ಬಂದೇ ಬರುತ್ತಾನೆ ಎಂದುಕೊಂಡಳು.

ಅಂಗಡಿಗೆ ಹೋಗಿ ಮಾಳಪ್ಪನಿಗೆ ಹೇಳಿದಳು: "ಪೊಲೀಸರು ರವೀ ಬಗ್ಗೆ ಕೇಳ್ಕೋತ ಬರ್ತಾರ. ಭಾಲ್ಕಿಯವ್ರು ಬಂದಾಗ ಹ್ಯಾಂಗ ಹೇಳಿದ್ರಿ, ಹಂಗೇ ಹೇಳ್ಬೇಕು."

ಮಾಳಪ್ಪ ತಕ್ಕಡಿ ಬಿಟ್ಟು ಎದೆಯ ಮೇಲೆ ಕೈ ಇಟ್ಟ. "ಅದು ನನಗ ಬಿಡ್ರಿ. ಹುಡುಗ ಬಂಗಾರ, ಉದ್ರಿ ಅಂದ್ರ ಏನಂತ ಗೊತ್ತಿಲ್ಲ ಅಂತೀನಿ."

ಒಳಗಿನಿಂದ ಸಕ್ರವ್ವ, "ನಮ್ಮ ಅಂಗಡಿ ಉದ್ರಿ ಬಿಟ್ಟು ಅನ್ರಿ," ಎಂದಳು.

"ಏ, ನೀ ಸುಮ್ಕಿರು. ಪೊಲೀಸರ ಮುಂದ ಇಷ್ಟು ಬಾಯಿ ಬಿಟ್ಟೀ ನೋಡು ಮತ್ತ!"

ಮೂವರೂ ನಕ್ಕರು. ಬಹಳ ದಿನಗಳ ಮೇಲೆ ಕಸ್ತೂರಿಬಾಯಿ ಮನಸಾರೆ ನಕ್ಕಿದ್ದಳು. ಎದುರುಮನೆಯ ಲತಾಬಾಯಿಗೂ ಮಾತು ಮುಟ್ಟಿತು, ಇಸ್ತ್ರಿಯವನಿಗೂ ಮುಟ್ಟಿತು. ಗಲ್ಲಿಗೆ ಗಲ್ಲಿಯೇ ಮದುವೆಯ ತಯಾರಿಯಂತೆ ತಯಾರಾಯಿತು.

ಬಂದವನು ಹವಾಲ್ದಾರ ತುಕಾರಾಮ ಶೇಜುಳ. ಸಾದಾ ಉಡುಪಿನಲ್ಲಿದ್ದ, ನಿವೃತ್ತಿ ಹತ್ತಿರ ಬಂದ ವಯಸ್ಸು, ಬಿಸಿಲಿಗೆ ಕಂದಿದ ಮುಖ. ಹೊಸ್ತಿಲ ಮುಂದಿನ ರಂಗೋಲಿ ಕಂಡು ಚಪ್ಪಲಿಯನ್ನು ದೂರ ಬಿಟ್ಟು, ಅದನ್ನು ದಾಟಿಕೊಂಡು ಒಳಗೆ ಬಂದ. ಪೊಲೀಸನಿಗೆ ಅಷ್ಟು ಸೂಕ್ಷ್ಮ ಇರುತ್ತದೆಂದು ಕಸ್ತೂರಿಬಾಯಿಗೆ ಗೊತ್ತಿರಲಿಲ್ಲ. ಅವಳು ಆಗಲೇ ಒಲೆಯ ಮೇಲೆ ಬಾಣಲೆ ಇಟ್ಟಿದ್ದಳು. ಶಿರಾ ಕೊಟ್ಟಳು. ಅವನು ಸಂಕೋಚದಿಂದ ತಟ್ಟೆ ತೆಗೆದುಕೊಂಡು, "ಮಾವಶಿ, ಇದೆಲ್ಲ ಯಾಕೆ ಮಾಡಿದಿರಿ? ಕೆಲಸದ ಮೇಲೆ ಬಂದವನು ನಾನು," ಎಂದು ಮರಾಠಿಯಲ್ಲಿ, ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಹೇಳಿದ. ಆದರೂ ಒಂದು ಕಾಳು ಬಿಡದೆ ತಿಂದು, ಕೊಟ್ಟ ಚಹಾ ಕುಡಿದ.

ಕಾಗದ ಬಿಚ್ಚಿ ಕೇಳತೊಡಗಿದ. ಹುಡುಗ ಇಲ್ಲಿ ಎಷ್ಟು ವರ್ಷ ಇದ್ದ, ಯಾರ ಜೊತೆ ಓಡಾಡುತ್ತಿದ್ದ, ಜಗಳಗಿಗಳ, ಕೋರ್ಟುಗೀರ್ಟು. ಎಲ್ಲಕ್ಕೂ ಕಸ್ತೂರಿಬಾಯಿ ನಿಜವನ್ನೇ ಹೇಳಿದಳು. ನಿಜವೆಲ್ಲ ಒಳ್ಳೆಯದೇ ಇತ್ತು. ಆಮೇಲೆ ಅವನು ಕಾಗದ ಮಗುಚಿ ಕೇಳಿದ.

"ಅವನ ಹೆಸರಿನಲ್ಲಿ ಸಾಲ ಏನಾದರೂ ಇದೆಯೇ ಮಾವಶಿ?"

"ಇಲ್ಲ."

"ತಂದೆಯ ಆಸ್ಪತ್ರೆಗೆ?"

"ಅವರು ಕೂಡಿಟ್ಟ ದುಡ್ಡಿನಲ್ಲೇ ಆಯಿತು."

"ನೀವು ಯಾರಿಗಾದರೂ ಜಾಮೀನು ನಿಂತಿದ್ದೀರಾ? ಬ್ಯಾಂಕಿನಲ್ಲಿ, ಪತಸಂಸ್ಥೆಯಲ್ಲಿ?"

ಈ ಪ್ರಶ್ನೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಬೀಗರು ಯಾರೂ ಇದನ್ನು ಕೇಳುವುದಿಲ್ಲ. "ನಾನು ಹೆಂಗಸು. ನನಗೆ ಯಾರು ಜಾಮೀನು ಕೇಳುತ್ತಾರೆ?" ಎಂದು ನಕ್ಕಳು.

ಹವಾಲ್ದಾರ ಬರೆಯಲಿಲ್ಲ. ಪೆನ್ನಿಗೆ ಟೊಪ್ಪಿಗೆ ಹಾಕಿ ಮಡಿಲಲ್ಲಿಟ್ಟುಕೊಂಡ. ಗೋಡೆಯ ಮೇಲಿನ ಬಾಲವಾಡಿಯ ಹಳೆಯ ಫೋಟೋ ನೋಡಿ, ಇವರಲ್ಲಿ ರವಿಕಾಂತ ಯಾರು ಎಂದು ಕೇಳಿದ. ಅವಳು ತೋರಿಸಿದಳು. "ನನ್ನ ತಾಯಿಯೂ ವೈಜಾಪುರದಲ್ಲಿ ಬಾಲವಾಡಿಗೆ ಹೋಗುತ್ತಿದ್ದಳು, ಕಸ ಗುಡಿಸಲು," ಎಂದ. ಆಮೇಲೆ ಮೆಲ್ಲಗೆ, "ಮಾವಶಿ, ಇನ್ನೊಂದು ಕಪ್ ಚಹಾ ಸಿಗಬಹುದೇ? ಅವಸರವಿಲ್ಲ. ನಿಧಾನವಾಗಿ ಮಾಡಿ, ನೆನಪು ಮಾಡಿಕೊಳ್ಳಿ. ಸಾಲ ಇರುವುದು ತಪ್ಪೇನಲ್ಲ. ನನಗೂ ಇದೆ," ಎಂದ.

ಅವಳು ಅಡುಗೆಮನೆಯಲ್ಲಿ ನಿಂತು ಶುಂಠಿ ಜಜ್ಜಿದಳು. ಮನಸ್ಸು ಒಂದು ಕ್ಷಣ ಅತ್ತ ವಾಲಿತು. ಆದರೆ ಇದು ವಿಚಾರಿಸಲು ಬಂದವರ ಹಳೆಯ ಉಪಾಯ ಎಂದು ಅವ್ವ ಹೇಳಿಕೊಟ್ಟದ್ದು ರಕ್ತದಲ್ಲೇ ಇತ್ತು: ಗಲ್ಲ ಹಿಡಿದು ಪ್ರೀತಿಯಿಂದ ಕೇಳುತ್ತಾರೆ, ಆಗಲೇ ಬಾಯಿ ಬಿಗಿ ಹಿಡಿಯಬೇಕು. ಚಹಾ ತಂದುಕೊಟ್ಟು, "ನೆನಪು ಮಾಡಿಕೊಂಡೆ. ಒಂದು ಪೈಸೆಯೂ ಇಲ್ಲ," ಎಂದಳು.

ಅವನು ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದ. ಕಪ್ಪನ್ನು ತಾನೇ ಮೋರಿಯ ಹತ್ತಿರ ಒಯ್ದು ತೊಳೆದಿಟ್ಟ. ಆಮೇಲೆ ಪೆನ್ನಿನ ಟೊಪ್ಪಿಗೆ ತೆಗೆದು ಬರೆದ. ಹೋಗುವಾಗ ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ದಣಿವು ಎಂದು ಅವಳಿಗೆ ಅನ್ನಿಸಿತು. ಬಿಸಿಲಿಗೆ ಇರಬೇಕು ಎಂದುಕೊಂಡಳು. ಸಂಜೆ ಮಾಳಪ್ಪ ಬಂದು, "ನಾಲ್ಕು ಕಡೆ ಕೇಳ್ಯಾನ್ರಿ ಬಾಯಿ. ನಾಲ್ಕೂ ಮಂದಿ ಹುಡುಗ ಬಂಗಾರ, ಒಂದು ಪೈಸಾ ಸಾಲ ಇಲ್ಲ ಅಂದಾರ. ಇಸ್ತ್ರಿಯಂವ ಅಂತೂ ಕೇಳೂಕಿಂತ ಮೊದಲೇ ಹೇಳ್ಯಾನ!" ಎಂದು ಬೀಗಿದ.

ಮಳೆಗಾಲ ಕಳೆದು, ನವರಾತ್ರಿ ಹತ್ತಿರವಾದಾಗ ರವಿಕಾಂತನ ಫೋನು ಬಂತು. ದನಿ ಮೊದಲಿನಂತೆಯೇ ಮೆತ್ತಗಿತ್ತು. "ದೊಡ್ಡವ್ವ, ಆ ಜಾಗಾ ಕ್ಯಾನ್ಸಲ್ ಆತು. ಅವ್ರು ಆ ವಿಭಾಗನೇ ಸದ್ಯ ನಡಸಂಗಿಲ್ಲಂತ. ನೀ ಮನಸಿಗಿ ಹಚ್ಕೋಬ್ಯಾಡ." ಎಷ್ಟೋ ದಿನಕ್ಕೆ ಮಾತಾಡಿದ ಸಮಾಧಾನದಲ್ಲಿ ಕಸ್ತೂರಿಬಾಯಿಗೆ ದುಃಖವೂ ಪೂರ್ತಿ ತಟ್ಟಲಿಲ್ಲ. ಹುಡುಗ ಒಳಗೊಳಗೇ ಕುಗ್ಗಿರುತ್ತಾನೆ, ಹೋಗಿ ಎರಡು ದಿನ ಇದ್ದು ಬರಬೇಕು ಎಂದುಕೊಂಡು ನಾಸಿಕ್ ಬಸ್ಸು ಹತ್ತಿದಳು. ಹೊಟ್ಟೆ ತೊಳಸಿದಾಗ ಪಕ್ಕದ ಕಾಲೇಜು ಹುಡುಗಿ ಕೇಳದೆಯೇ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಯೇವಲಾ ದಾಟಿದ ಮೇಲೆ ಲಾಸಲಗಾಂವಿನ ಪೇಟೆಗೆ ಈರುಳ್ಳಿ ಹೊತ್ತ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಆ ಹೊತ್ತೆಲ್ಲ ಅವಳು ಹುಡುಗನಿಗೆ ಹೇಳಬೇಕಾದ ಸಮಾಧಾನದ ಮಾತುಗಳನ್ನು ಜೋಡಿಸುತ್ತಿದ್ದಳು.

ಮನೆಯಲ್ಲಿ ಅಶ್ವಿನಿ ಒಬ್ಬಳೇ ಇದ್ದಳು. ರವಿಕಾಂತ ಸಿನ್ನರಿನ ಹಳೆಯ ವರ್ಕ್‌ಶಾಪಿಗೇ ಹೋಗಿದ್ದ. ಅಶ್ವಿನಿ ಕಾಲಿಗೆರಗಿ, ನೀರು ಕೊಟ್ಟು, ಮತ್ತೆ ಮೆಂತ್ಯ ಸೊಪ್ಪು ಬಿಡಿಸಲು ಕುಳಿತಳು. ಕಸ್ತೂರಿಬಾಯಿಯೂ ಒಂದು ಕಟ್ಟು ಕೈಗೆ ತೆಗೆದುಕೊಂಡಳು.

"ಇರಲಿ ಬಿಡವ್ವ. ಆ ಜಾಗಾ ಕ್ಯಾನ್ಸಲ್ ಆದ್ರ ಇನ್ನೊಂದು ಬರ್ತದ."

ಅಶ್ವಿನಿಯ ಬೆರಳು ನಿಂತಿತು. "ಕ್ಯಾನ್ಸಲ್ ಆತಂತ ಯಾರು ಹೇಳಿದ್ರಿ ಅತ್ತಿ?"

"ರವಿ ಹೇಳಿದ."

ಅಶ್ವಿನಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಜಾಗಾ ಕ್ಯಾನ್ಸಲ್ ಆಗಿಲ್ರಿ. ಅಲ್ಲಿಗಿ ಬ್ಯಾರೆಯವ್ರು ಬಂದಾರ. ಇವ್ರಿಗಿ ಕ್ಲಿಯರೆನ್ಸ್ ಕೊಡ್ಲಿಲ್ಲ. ನಿಮ್ಮ ಮುಂದ ಹೇಳ್ಬ್ಯಾಡ ಅಂದಿದ್ರು. ಆದ್ರ ಈ ಮನ್ಯಾಗ ಇನ್ನ ಮುಚ್ಚಿಡೂದು ನಂಗ ಸಾಕಾಗ್ಯಾದ್ರಿ ಅತ್ತಿ. ಸಿಟ್ಟಾಗ್ಬ್ಯಾಡ್ರಿ."

"ಸಾಲದ್ದು ಗೊತ್ತಾತೇನು? ನಾ ಅಂತೂ ಹೇಳ್ಲಿಲ್ಲವ್ವ! ದೇವ್ರಾಣಿ ಹೇಳ್ಲಿಲ್ಲ."

"ಗೊತ್ತದರಿ. ನೀವು ಹೇಳ್ಲಿಲ್ಲ. ಅವ್ರು ಹೇಳಿದ್ರು."

ಅಶ್ವಿನಿ ನಿಧಾನವಾಗಿ ಹೇಳಿದಳು. ಆ ದಿನ ಫೋನು ಇಟ್ಟ ಮೇಲೆ ರವಿಕಾಂತ ಉಣ್ಣದೆ ಮಲಗಿದ. ಬೆಳಿಗ್ಗೆ ಎದ್ದು, "ದೊಡ್ಡವ್ವ ನನ್ನ ಸಲುವಾಗಿ ಏನ್ ಬೇಕಾದ್ರೂ ಮಾಡ್ತಿದ್ಲು. ಅಂತಾಕಿನೇ ಆಗಂಗಿಲ್ಲ ಅಂದ್ಲು ಅಂದ್ರ ನಾ ಮಾಡಿದ್ದು ತಪ್ಪೇ ಅದ," ಎಂದ. ರಜೆ ಹಾಕಿ ಕಾರ್ಖಾನೆಯ ಭದ್ರತಾ ಅಧಿಕಾರಿಯ ಹತ್ತಿರ ಹೋದ. ನಾನು ತಪ್ಪು ಬರೆದಿದ್ದೇನೆ, ಇಂಥಿಂಥ ಸಾಲ ಇದೆ, ಪತಸಂಸ್ಥೆಯ ಸಾಲಕ್ಕೆ ನನ್ನ ದೊಡ್ಡಮ್ಮನ ಜಾಮೀನಿದೆ ಎಂದು ಬರೆದುಕೊಟ್ಟ. ಆ ಅಧಿಕಾರಿ ಸೈನ್ಯದಿಂದ ಬಂದವರು. ಅವನನ್ನು ಕೂರಿಸಿ ನೀರು ಕೊಟ್ಟರು. ಸಾಲ ಯಾರಿಗಿಲ್ಲ ಎಂದರು. ಸಾಲ ಇದ್ದವನಿಗೆ ಯಾರಾದರೂ ಹಣ ತೋರಿಸಿ ಗುಟ್ಟು ಕೇಳಬಹುದು, ಸಾಲ ಮುಚ್ಚಿಟ್ಟವನನ್ನಾದರೆ ಬಯಲು ಮಾಡುತ್ತೇನೆಂದು ಹೆದರಿಸಿಯೂ ಕೇಳಬಹುದು. ನೀನೇ ಬಂದು ಹೇಳಿದ್ದು ಒಳ್ಳೆಯದಾಯಿತು, ಊರಿನ ವಿಚಾರಣೆ ಇದಕ್ಕೆ ಹೊಂದಿದರೆ ನಾನೂ ಒಂದು ಮಾತು ಬರೆಯುತ್ತೇನೆ ಎಂದು ಕಳಿಸಿದರು.

"ಅವತ್ತು ಹಾಡು ಹಾಡ್ಕೋತ ಬಂದ್ರು ಮನಿಗಿ," ಎಂದಳು ಅಶ್ವಿನಿ. "ನಾ ಅಂದೆ, ಅತ್ತಿಗಿ ಫೋನ್ ಮಾಡ್ರಿ, ಹಿಂಗ ಮಾಡೀನಂತ ಹೇಳ್ರಿ. ಅವ್ರು ನಾಚ್ಕೊಂಡ್ರು. ಅಕಿ ಮ್ಯಾಲ ಸಿಟ್ಟು ಮಾಡಿ ಇಟ್ಟೀನಿ, ನೌಕರಿ ಆರ್ಡರ್ ಕೈಯಾಗ ಹಿಡ್ಕೊಂಡೇ ಹೋಗಿ ಕಾಲಿಗಿ ಬೀಳ್ತೀನಿ ಅಂದ್ರು. ಅಕಿ ಖರೇನೇ ಹೇಳ್ತಾಳ, ಅಕಿದು ಚಿಂತಿ ಇಲ್ಲ ಅಂದ್ರು."

ಕಸ್ತೂರಿಬಾಯಿಯ ಕೈಯೊಳಗಿನ ಸೊಪ್ಪು ಮುದ್ದೆಯಾಗಿತ್ತು.

ಹವಾಲ್ದಾರ ಎಲ್ಲವನ್ನೂ ತಿಳಿದೇ ಬಂದಿದ್ದ. ಅವನ ಕಾಗದಗಳೊಳಗೆ ಅವಳ ಹೆಸರೇ ಇತ್ತು. ಇದ್ದರೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅದಕ್ಕೇ ಆ ಎರಡನೆಯ ಚಹಾ ಕೇಳಿದ್ದ. ಬಾಯಾರಿ ಕೇಳಿದ್ದಲ್ಲ. ಅವಳಿಗೆ ಸತ್ಯ ಹೇಳಲು ಒಂದಿಷ್ಟು ಹೊತ್ತು ಕೊಡಲು ಕೇಳಿದ್ದ. ಎಷ್ಟೋ ಮಂದಿಯ ಸಣ್ಣ ಸಣ್ಣ ಒಳ್ಳೆಯತನ ಗುರುತಿಸಿ ನೆನಪಿಟ್ಟುಕೊಳ್ಳುವ ತನಗೆ, ಎದುರಿಗೇ ಚಾಚಿದ ಆ ಕೈ ಕಾಣಲಿಲ್ಲವಲ್ಲ ಎಂದುಕೊಂಡಳು.

ರವಿಕಾಂತ ಸಂಜೆ ಬಂದ. ದೊಡ್ಡವ್ವನ ಮುಖ ನೋಡಿದವನೇ ಹೆಂಡತಿಯ ಕಡೆ ತಿರುಗಿದ. "ಹೇಳಿದಿ?"

"ಹೇಳಿದೆ."

ಅವನು ಕೈಕಾಲು ತೊಳೆದು ಬಂದು ಕಸ್ತೂರಿಬಾಯಿಯ ಮಂಚದ ಕೆಳಗೆ ನೆಲದ ಮೇಲೆ ಕುಳಿತ, ಚಿಕ್ಕವನಿದ್ದಾಗ ಕೂರುತ್ತಿದ್ದಂತೆ. ಉಗುರುಗಳ ಸಂದಿಯಲ್ಲಿ ಯಂತ್ರದ ಎಣ್ಣೆಯ ಕಪ್ಪು ಇನ್ನೂ ಉಳಿದಿತ್ತು.

"ನಾ ಬರ್ತೀನಿ ರವಿ. ಆ ಸಾಹೇಬ್ರ ಮುಂದ ನಿಂತು ಹೇಳ್ತೀನಿ. ಸುಳ್ಳು ನಂದು, ಹುಡುಗಂದಲ್ಲ ಅಂತ ಹೇಳ್ತೀನಿ. ನಾಳಿಗೇ ಹೋಗೂಣು."

"ನಾ ಹೋಗಿದ್ದೆ ದೊಡ್ಡವ್ವ."

"ಏನಂದ್ರು?"

"ಅಕಿ ಪ್ರೀತಿಗಿ ಹೇಳ್ಯಾಳ್ರಿ, ನಾ ಹೇಳು ಅಂದಿಲ್ಲ ಅಂದೆ. ಮೊದಲು ಅಂದಿದ್ದಿ ಹೌದಿಲ್ಲೋ ಅಂತ ಕೇಳಿದ್ರು. ಹೌದು ಅಂದೆ. ಇನ್ನೇನ್ ಅನ್ಲಿ? ಗಲ್ಲಿಯವ್ರೆಲ್ಲಾ ಒಂದೇ ಮಾತು ಬಾಯಿಪಾಠ ಒಪ್ಪಿಸಿದಂಗ ಒಪ್ಪಿಸ್ಯಾರ, ಇದು ಕಲಿಸಿಕೊಟ್ಟದ್ದಲ್ಲದ ಮತ್ತೇನು ಅಂದ್ರು." ಅವನು ಉಗುರಿನ ಕಪ್ಪು ಕೆರೆದ. "ಅವ್ರು ಕೆಟ್ಟವ್ರಲ್ಲ. ಭಾಳ ಬ್ಯಾಸರದಿಂದ ಹೇಳಿದ್ರು. ನಿಮ್ಮ ಮಂದಿ ಪ್ರೀತಿಗಿ ಮುಚ್ಚಿಡ್ತಾರ ಅಂದ್ರ, ನಾಳಿಗಿ ನೀ ಪ್ರೀತಿಗಿ ಯಾರ್ದು ಏನ್ ಮುಚ್ಚಿಡ್ತೀ ಅಂತ ನಾ ಹ್ಯಾಂಗ ತಿಳ್ಕೊಳ್ಲಿ ಅಂದ್ರು."

"ಮತ್ತೊಮ್ಮೆ ನೋಡ್ರಿ ಅಂತ ಅರ್ಜಿ?"

"ಹಾಕಿದ್ದೆ. ಅದೂ ವಾಪಸ್ ಬಂತು. ಇನ್ನ ಅಲ್ಲಿ ನಂದು ಮುಗೀತು."

"ನನಗ್ಯಾಕ ಜಾಗಾ ಕ್ಯಾನ್ಸಲ್ ಅಂದಿ?"

ರವಿಕಾಂತ ನೆಲ ನೋಡುತ್ತ ನಕ್ಕ. ಅಳುವಿನ ಹತ್ತಿರದ ನಗೆ. "ನೀ ಕಲಿಸಿದ್ದೇ ಅಲ್ಲ? ನಿನ್ನ ಮ್ಯಾಲ ಏನೂ ಬರಬಾರ್ದಂತ."

ಕಸ್ತೂರಿಬಾಯಿ ಅವನ ತಲೆಯ ಮೇಲೆ ಕೈ ಇಟ್ಟಳು. ಅಳು ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತು. ತಾನು ಬೇಡ ಎಂದಾಗ ಹುಡುಗ ನೆಟ್ಟಗೆ ನಿಂತ. ತಾನು ಅವನಿಗಾಗಿ ಬಾಗಿದಾಗ ಅವನನ್ನೂ ಬೀಳಿಸಿದಳು. ಇದನ್ನು ಯಾರ ಮುಂದೆ ಹೇಗೆ ಹೇಳಿದರೂ ಬೇರೆಯಾಗಿ ಕಾಣುವಂತಿರಲಿಲ್ಲ. ಆ ಸಂಜೆ ಅವಳು ಊಟಕ್ಕೆ ಏಳಲಿಲ್ಲ. ಅಶ್ವಿನಿ ಒಂದು ಸಲ ಕರೆದಳು. ಹಸಿವಿಲ್ಲ ಎಂದಾಗ ಒತ್ತಾಯ ಮಾಡಲಿಲ್ಲ. ಎರಡು ದಿನ ಇರಲು ಬಂದವಳು ಬೆಳಿಗ್ಗೆಯೇ ಸೀರೆಗಳನ್ನು ಮಡಿಸಿ ಚೀಲಕ್ಕೆ ಹಾಕಿದಳು.

ರವಿಕಾಂತ ಪಾಳಿಗೆ ಹೋಗಬೇಕಿತ್ತು. ಬಸ್‌ಸ್ಟ್ಯಾಂಡಿಗೆ ಜೊತೆಗೆ ಬಂದವಳು ಅಶ್ವಿನಿ. ರಿಕ್ಷಾದಲ್ಲಿ ಇಬ್ಬರ ನಡುವೆ ಚೀಲ ಇತ್ತು. ಇಳಿದ ಮೇಲೆ ಚೀಲವನ್ನು ಅವಳೇ ಹೊತ್ತುಕೊಂಡಳು, ಸಂಭಾಜಿನಗರದ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕೇಳಿಕೊಂಡು ಬಂದಳು, ಬಿಸಿಲು ಬೀಳದ ಕಡೆಯ ಸೀಟು ನೋಡಿ ಕರವಸ್ತ್ರ ಹಾಸಿ ಹಿಡಿದಳು.

"ಅಶ್ವಿನಿ," ಎಂದಳು ಕಸ್ತೂರಿಬಾಯಿ ಕುಳಿತ ಮೇಲೆ. "ನಿಮ್ಮಪ್ಪಗ ಒಂದು ಫೋನ್ ಮಾಡ್ಬೇಕಂತ ಅದ. ಅವತ್ತು ಅವ್ರು ಕೇಳಿದ್ದಕ್ಕ ಇವತ್ತು ಖರೇ ಹೇಳ್ತೀನಿ. ತಡ ಆಗ್ಯಾದ, ಆದ್ರೂ ಹೇಳ್ತೀನಿ."

ಕಂಡಕ್ಟರ್ ಗಂಟೆ ಎಳೆಯಲು ಹಗ್ಗ ಹಿಡಿದಿದ್ದ. ಅಶ್ವಿನಿ ಕೆಳಗಿಳಿದು ಸುತ್ತಿಕೊಂಡು ಕಿಟಕಿಯ ಹತ್ತಿರ ಬಂದಳು. ಹೆಗಲ ಚೀಲದಿಂದ ಬಟ್ಟೆ ಸುತ್ತಿದ ಸ್ಟೀಲಿನ ಡಬ್ಬಿಯೊಂದನ್ನು ತೆಗೆದು, ಸರಳುಗಳ ನಡುವೆ ಓರೆ ಮಾಡಿ ಒಳಗೆ ಚಾಚಿದಳು. ಬಟ್ಟೆಯ ಮೂಲಕವೂ ಬಿಸಿ ತಾಗುತ್ತಿತ್ತು. ರಾತ್ರಿ ಉಣ್ಣದವಳಿಗಾಗಿ ಹೊತ್ತು ಹುಟ್ಟುವ ಮೊದಲೇ ಎದ್ದು ಅಡುಗೆ ಮಾಡಿರಬೇಕು. ಕಸ್ತೂರಿಬಾಯಿ ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡಳು.